ಮೂರನೆಯ ಅಕ್ಷರ

ಹೋದ ತಿಂಗಳು ಶಿಕ್ಷಕರ ತರಬೇತಿಗೆಂದು ಕೊಪ್ಪಳಕ್ಕೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಏನನ್ನಿಸಿತೋ, ಆಟೋದವನಿಗೆ ಭಾಗ್ಯನಗರ ಎಂದೆ. ಅಲ್ಲಿ ನನ್ನವರು ಅಂತ ಈಗ ಯಾರೂ ಇಲ್ಲ. ಅವ್ವನ ತಂಗಿ, ನನ್ನ ಚಿಗವ್ವ, ತೀರಿಕೊಂಡು ವರ್ಷಗಳಾದವು. ಓಣಿಯ ತಿರುವಿನಲ್ಲಿ ಇಳಿಯುತ್ತಿದ್ದಂತೆ ಮೂಗಿಗೆ ಆ ವಾಸನೆ ಬಡಿಯಿತು. ಸೋಪಿನ ಪುಡಿಯಲ್ಲಿ ತೊಳೆದು ಮಾಳಿಗೆಯ ಬಿಸಿಲಿಗೆ ಹರವಿದ ಕೂದಲಿನ ವಾಸನೆ. ಎಲ್ಲೆಲ್ಲಿಯೋ ಹೆಂಗಸರ ಬಾಚಣಿಕೆಯಿಂದ ಉದುರಿದ ಕೂದಲು ಇಲ್ಲಿಗೆ ಚೀಲಗಟ್ಟಲೆ ಬರುತ್ತದೆ. ಅದರ ಸಿಕ್ಕು ಬಿಡಿಸಿ, ಉದ್ದ ಗಿಡ್ಡ ಬೇರೆ ಮಾಡಿ ಕಟ್ಟಿಕೊಡುವುದು ಆ ಓಣಿಯ ಹೊಟ್ಟೆಪಾಡು. ನಾನೂ ಒಂದು ವರ್ಷ ಆ ಕೆಲಸ ಮಾಡಿದ್ದೇನೆ, ಪಿಯುಸಿ ಎರಡನೆಯ ವರ್ಷ ಓದುತ್ತಿದ್ದಾಗ.

ಮುಂದೆ ಹೇಳುವ ಮೊದಲು ನನ್ನ ಗುಣ ಹೇಳಿಬಿಡಬೇಕು. ನಾನು ಹುಟ್ಟಾ ಸಂಶಯದವಳು. ಮನೆಗೆ ಬೀಗ ಹಾಕಿ ಎಳೆದು ನೋಡಿ, ಓಣಿಯ ಕೊನೆಯವರೆಗೆ ಹೋಗಿ, ತಿರುಗಿ ಬಂದು ಮತ್ತೆ ಎಳೆಯುತ್ತೇನೆ. ಹಾಲಿನವನು ನನ್ನ ಮುಖ ನೋಡದೆ ಹಾಲು ಹಾಕಿ ಹೋಗುತ್ತಾನೆ. ಯಲಬುರ್ಗಾ ತಾಲ್ಲೂಕಿನ ನನ್ನ ಸಾಲೆಯ ಮಕ್ಕಳು ಗೌರಾ ಟೀಚರಿಗೆ ಬೆನ್ನಲ್ಲೂ ಕಣ್ಣಿದೆ ಎಂದು ಮಾತಾಡಿಕೊಳ್ಳುವುದು ನನಗೆ ಗೊತ್ತು. ಗೊತ್ತಿದ್ದೂ ಸುಮ್ಮನಿದ್ದೇನೆ, ಕಾಪಿ ಹೊಡೆಯುವವರು ಕಡಿಮೆಯಾಗಲಿ ಎಂದು.

ಆಗ ಕೊಪ್ಪಳ ಜಿಲ್ಲೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಕಚೇರಿಗಳ ಬೋರ್ಡಿನಲ್ಲಿ ರಾಯಚೂರು ಎಂಬುದರ ಮೇಲೆ ಬಣ್ಣ ಬಳಿದು ಕೊಪ್ಪಳ ಎಂದು ಬರೆದಿದ್ದರು. ಬಿಸಿಲಿಗೆ ಬಣ್ಣ ಮಾಸಿ ಕೆಳಗಿನ ಹೆಸರು ಮತ್ತೆ ಇಣುಕುತ್ತಿತ್ತು. ಅಪ್ಪ ನನ್ನನ್ನು ಚಿಗವ್ವನ ಮನೆಯಲ್ಲಿ ಬಿಟ್ಟು ಹೋಗುವಾಗ ಎರಡೇ ಮಾತು ಹೇಳಿದ್ದ. ಟೀಚರ್ ಟ್ರೇನಿಂಗಿಗೆ ಸೀಟು ಸಿಗುವಷ್ಟು ಅಂಕ ತಂದರೆ ಓದಿಸುತ್ತೇನೆ. ಕಾಲೇಜಿನಿಂದ ಒಂದು ಕೆಟ್ಟ ಸುದ್ದಿ ಬಂದರೆ ಅವತ್ತೇ ಮನೆಗೆ. ಅಪ್ಪ ಹೇಳಿದರೆ ಮುಗಿಯಿತು, ಅದರಲ್ಲಿ ಚೌಕಾಸಿ ಇರಲಿಲ್ಲ.

ಚಿಗವ್ವನ ಪಡಸಾಲೆಯಲ್ಲಿ ಐದಾರು ಹೆಂಗಸರು ಕೂತು ಕೂದಲು ಬಿಡಿಸುತ್ತಿದ್ದರು. ಸಾಹುಕಾರನ ಆಳು ಬೆಳಿಗ್ಗೆ ತೂಕ ಮಾಡಿ ಕೊಟ್ಟು, ಸಂಜೆ ತೂಕ ಮಾಡಿ ಒಯ್ಯುತ್ತಿದ್ದ. ಎದ್ದು ಹೋಗುವಾಗ ಪ್ರತಿಯೊಬ್ಬರೂ ಬಾಗಿಲಲ್ಲಿ ನಿಂತು ಎಲ್ಲರ ಕಣ್ಣೆದುರು ಸೆರಗು ಝಾಡಿಸಬೇಕು, ಮಡಿಕೆಯಲ್ಲಿ ಉದ್ದ ಕೂದಲಿನ ಒಂದು ಎಳೆಯೂ ಉಳಿದಿಲ್ಲ ಎಂದು ತೋರಿಸಲು. ಮನೆ ತನ್ನದೇ ಆದರೂ ಚಿಗವ್ವ ಒಳಗೆ ಅಡುಗೆಗೆ ಹೋಗುವ ಮುಂಚೆ ತಾನೂ ಝಾಡಿಸುತ್ತಿದ್ದಳು. ಅಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ, ಅದಕ್ಕೆ ಯಾರೂ ಮುಖ ಊದಿಸಿಕೊಳ್ಳುತ್ತಲೂ ಇರಲಿಲ್ಲ. ನನಗೆ ಆ ಜಾಗ ಬಂದ ದಿನವೇ ಹಿಡಿಸಿಬಿಟ್ಟಿತ್ತು.

ನೀಲವ್ವ ಸಿಕ್ಕಿದ್ದು ಅಲ್ಲಿಯೇ. ಕುಷ್ಟಗಿ ಕಡೆಯ ಹಳ್ಳಿಯವಳು, ನನ್ನ ತರಗತಿಯವಳೇ, ಪಕ್ಕದ ಓಣಿಯಲ್ಲಿ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದಳು. ಮಾತು ಕಡಿಮೆ, ಹಟ ಜಾಸ್ತಿ. ಎಂಥ ಸಿಕ್ಕನ್ನೂ ಕತ್ತರಿ ಮುಟ್ಟದೆ ಬಿಡಿಸುತ್ತಿದ್ದಳು. ಅವಳೂ ಮುಂದೆ ಟೀಚರ್ ಆಗುವವಳೇ. ಕಾಲೇಜು ಬಿಟ್ಟ ಮೇಲೆ ನಾವಿಬ್ಬರೂ ಎದುರುಬದುರು ಕೂರುತ್ತಿದ್ದೆವು. ಮಣೆಗೆ ಉದ್ದ ಮೊಳೆಗಳನ್ನು ಒತ್ತಾಗಿ ಬಡಿದ ಹಣಿಗೆ ನಡುವೆ. ಅದರ ಮೇಲೆ ಕೂದಲಿನ ಕಟ್ಟನ್ನು ಒಬ್ಬಳು ಜೋರಾಗಿ ಎಳೆದರೆ ಇನ್ನೊಬ್ಬಳು ಹಗುರವಾಗಿ ಎಳೆದು ನಯ ಮಾಡುವುದು. ಹೆಂಗಸರು ಆ ಎಳೆತಕ್ಕೆ ಸರಿಯಾಗಿ ಹಾಡು ಹೇಳುತ್ತಿದ್ದರು. ನಾವು ಪಾಠ ಹೇಳುತ್ತಿದ್ದೆವು.

ಜೀವಶಾಸ್ತ್ರದ ಸರ್ ಗಂಗಾವತಿಯವರು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಚಳಿಗಾಲದ ಆರಂಭದಲ್ಲಿ ಅವರು ಜೀವಸಂಕೇತದ ಪಾಠ ಶುರು ಮಾಡಿದರು. ಯು, ಸಿ, ಎ, ಜಿ ಎಂದು ನಾಲ್ಕೇ ಅಕ್ಷರ. ಮೂರು ಮೂರು ಅಕ್ಷರ ಸೇರಿದರೆ ಒಂದು ಪದ. ಒಂದೊಂದು ಪದ ಒಂದೊಂದು ಅಮೈನೋ ಆಮ್ಲವನ್ನು ಕರೆದು ತರುತ್ತದೆ, ಆ ಆಮ್ಲಗಳು ಸಾಲಾಗಿ ಜೋಡಿಸಿಕೊಂಡರೆ ಪ್ರೋಟೀನು. ಇಷ್ಟೂ ನನಗೆ ತಿಳಿಯಿತು. ಆಮೇಲೆ ಸರ್, ಪದಗಳು ಅರವತ್ತನಾಲ್ಕು, ಆಮ್ಲಗಳು ಮಾತ್ರ ಇಪ್ಪತ್ತು ಎಂದರು. ಕೆಲವು ಆಮ್ಲಕ್ಕೆ ಎರಡು ಪದ, ಕೆಲವಕ್ಕೆ ನಾಲ್ಕು, ಕೆಲವಕ್ಕೆ ಆರು. ನಮ್ಮ ಊರಲ್ಲಿ ಒಬ್ಬನಿಗೇ ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು, ಗೆಳೆಯರಲ್ಲಿ ಒಂದು ಇರುತ್ತದಲ್ಲ, ಯಾವುದರಿಂದ ಕರೆದರೂ ಬರುವವನು ಅವನೇ, ಹಾಗೆ ಎಂದು ವಿವರಿಸಿದರು. ಹೆಚ್ಚಾಗಿ ಮೂರನೆಯ ಅಕ್ಷರ ಮಾತ್ರ ಬದಲಾಗುತ್ತದೆ. ಅಲ್ಲಿ ಯು ಇರುವ ಕಡೆ ಸಿ ಬಂದರೂ ಆಮ್ಲ ಅದೇ. ಎ ಇರುವ ಕಡೆ ಜಿ ಬಂದರೂ ಬಹುಪಾಲು ಅದೇ. ನಕಲು ಮಾಡುವಾಗ ಒಂದು ಅಕ್ಷರ ತಪ್ಪಿದರೂ ಜೀವಕ್ಕೆ ಏನೂ ಆಗದಿರಲಿ ಎಂದು ಈ ಏರ್ಪಾಡು ಎಂದರು ಸರ್.

ತರಗತಿಯೆಲ್ಲ ತಲೆಯಾಡಿಸಿತು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಒಂದು ಸಾಕಾಗುವ ಕಡೆ ಆರು ಇಟ್ಟುಕೊಳ್ಳುವವರು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ಆ ಆರಕ್ಕೂ ಒಂದೊಂದು ಗುಟ್ಟಿನ ಕೆಲಸ ಇರಲೇಬೇಕು, ಸರ್‌ಗೆ ಗೊತ್ತಿಲ್ಲ ಅಥವಾ ಗೊತ್ತಿದ್ದೂ ಹೇಳುತ್ತಿಲ್ಲ ಎಂದು ನೀಲವ್ವನಿಗೆ ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಮೊದಲು ಬಾಯಿಪಾಠ ಮಾಡೋಣ, ಆಮೇಲೆ ದೇವರ ಮೇಲೆ ಸಂಶಯ ಪಡುವಿಯಂತೆ ಎಂದಳು.

ಬಾಯಿಪಾಠಕ್ಕೆ ನಾವೇ ಒಂದು ಆಟ ಕಟ್ಟಿಕೊಂಡೆವು. ಜೋರಿನ ಎಳೆತಕ್ಕೆ ಒಬ್ಬಳು ಆಮ್ಲದ ಹೆಸರನ್ನೂ ಒಂದು ಪದವನ್ನೂ ಹೇಳಬೇಕು. ಹಗುರ ಎಳೆತಕ್ಕೆ ಇನ್ನೊಬ್ಬಳು ಮೂರನೆಯ ಅಕ್ಷರ ಬದಲಿಸಿ ಅದರ ಜೋಡಿಯನ್ನು ಹೇಳಬೇಕು. ಲ್ಯೂಸಿನ್, ಸಿ-ಯು-ಜಿ ಎಂದು ನಾನು. ಸಿ-ಯು-ಎ ಎಂದು ಅವಳು. ಒಂದು ದಿನ ನಾನು ಮೊದಲು, ಒಂದು ದಿನ ಅವಳು. ಆಮ್ಲಕ್ಕೆ ಒಂದು ಜೋಡಿ ಸಾಕು, ಉಳಿದವುಗಳ ಉಸಾಬರಿ ಬೇಡ ಎಂದು ಕೈಬಿಟ್ಟೆವು. ಜೋಡಿಯಲ್ಲಿ ಯಾವುದನ್ನು ಮೊದಲು ಹೇಳಬೇಕು ಎಂಬುದಕ್ಕೆ ನಿಯಮ ಇರಲಿಲ್ಲ. ಬಾಯಿಗೆ ಬಂದದ್ದು.

ಸಂಕ್ರಾಂತಿ ಕಳೆದ ಮೇಲೆ ಸರ್ ಒಂದು ಕಿರುಪರೀಕ್ಷೆ ಇಟ್ಟರು. ಇಡೀ ಕೋಷ್ಟಕವನ್ನು ಕಪ್ಪುಹಲಗೆಯ ಮೇಲೆ ಅವರೇ ಬರೆದಿದ್ದರು. ಆರು ಆಮ್ಲಗಳ ಒಂದು ಸರಪಳಿ ಕೊಟ್ಟು, ಅದನ್ನು ತರುವ ಪದಗಳ ಸಾಲನ್ನು ಬರೆಯಿರಿ ಎಂದರು. ಹುಡುಗರು ಹಲಗೆ ನೋಡಿ ಪ್ರತಿ ಮನೆಯ ಮೊದಲ ಪದವನ್ನು ಇಳಿಸಿಕೊಂಡರು. ನಾನು ಹಲಗೆ ನೋಡಲಿಲ್ಲ. ಬರುತ್ತಿದ್ದದ್ದನ್ನು ನೋಡುವುದೇಕೆ. ಮೊದಲ ಆಮ್ಲಕ್ಕೆ ಪದ ಒಂದೇ, ಅದಕ್ಕೆ ಜೋಡಿಯಿಲ್ಲ. ಉಳಿದ ಐದಕ್ಕೆ ಜೋಡಿಯಲ್ಲಿ ಮನಸ್ಸಿಗೆ ಬಂದ ಒಂದನ್ನು ಬರೆದು ಎದ್ದು ಬಂದೆ.

ಎರಡು ದಿನದ ಮೇಲೆ ಸರ್ ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ನನ್ನ ಹಾಳೆ, ನೀಲವ್ವನ ಹಾಳೆ. ಆರಕ್ಕೆ ಆರೂ ಪದ ಒಂದೇ. ಈ ಸರಪಳಿಯನ್ನು ಬರೆಯಲು ಮೂರು ಸಾವಿರಕ್ಕೂ ಹೆಚ್ಚು ದಾರಿಗಳಿವೆ, ತಾವೇ ಗುಣಿಸಿ ನೋಡಿದ್ದಾಗಿ ಹೇಳಿದರು. ಇಡೀ ತರಗತಿಯಲ್ಲಿ ಈ ದಾರಿ ಹಿಡಿದವರು ಇಬ್ಬರೇ, ಅವರೂ ಹಿಂದೆ ಮುಂದೆ ಕೂತವರು. ಇಬ್ಬರೂ ಕೂಡಿ ಓದುತ್ತೇವೆ ಎಂದು ನಾನು ಹೇಳಿದೆ. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೂಡಿ ಓದಿದ್ರ ಇಬ್ರದೂ ಸರಿ ಬರತಾವ, ಒಪ್ಪತೀನಿ. ಒಂದ ನಮೂನಿ ಯಾಕ ಬರತಾವ?"

ಯಾರು ಯಾರದನ್ನು ನೋಡಿ ಬರೆದರು ಎಂಬ ಸತ್ಯ ಹೊರಬೀಳುವವರೆಗೆ ಇಬ್ಬರ ಪ್ರಯೋಗದ ದಾಖಲೆ ಪುಸ್ತಕಕ್ಕೂ ಸಹಿ ಹಾಕುವುದಿಲ್ಲ, ಸಹಿ ಇಲ್ಲದೆ ಹಾಲ್ ಟಿಕೆಟ್ ಬರುವುದಿಲ್ಲ, ಮನೆಗೂ ತಿಳಿಸಬೇಕಾಗುತ್ತದೆ ಎಂದರು. ಹೇಳುವುದಿದ್ದವರು ಬಂದು ಹೇಳಬಹುದು, ತಪ್ಪಿಲ್ಲದವರನ್ನು ತಾವು ಹಿಡಿದಿಡುವುದಿಲ್ಲ ಎಂದೂ ಸೇರಿಸಿದರು.

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕೂಡಿ ಓದಿದ್ದು ನಿಜ. ಆದರೆ ನಾವು ಕಲಿತದ್ದು ಜೋಡಿಗಳನ್ನು. ಎರಡರಲ್ಲಿ ಯಾವುದನ್ನು ಬರೆಯಬೇಕು ಎಂದು ಆರಿಸಿದ್ದು ನಾನು, ಆ ಹೊತ್ತಿನಲ್ಲಿ, ನನ್ನ ಮನಸ್ಸಿನಿಂದ. ಅವಳ ಮನಸ್ಸಿಗೂ ಐದು ಕಡೆ ಐದೂ ಅದೇ ಬರುವುದು ಹೇಗೆ? ನಾನಂತೂ ನೋಡಿ ಬರೆದಿಲ್ಲ. ಹಾಗಾದರೆ ಉಳಿದವಳು ಒಬ್ಬಳೇ. ಸರ್ ಮೇಜಿನ ಮೇಲೆ ಕಂಡ ಅವಳ ಹಾಳೆಯನ್ನು ನೆನಪಿಸಿಕೊಂಡೆ. ಮೂರನೆಯ ಪದವನ್ನು ಅವಳು ಒಮ್ಮೆ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದಳು. ಬೇರೆ ಏನೋ ಬರೆದವಳು ನನ್ನ ಹಾಳೆ ಕಂಡ ಮೇಲೆ ತಿದ್ದಿದ್ದಾಳೆ, ಇನ್ನೇನು! ಅವಳು ಕೂತದ್ದು ನನ್ನ ಹಿಂದಿನ ಬೆಂಚಿನಲ್ಲಿ, ಕತ್ತು ಚಾಚಿದರೆ ಕಾಣುವಷ್ಟು ಹತ್ತಿರ. ನಾನು ಬರೆಯುವಾಗ ತೋಳು ಅಡ್ಡ ಇಡುವವಳು, ಅವತ್ತು ಇಟ್ಟಿದ್ದೆನೋ ಇಲ್ಲವೋ ಎಂದು ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ಸಂಜೆ ಎದುರುಬದುರು ಕೂತೆವು. ಬೇರೆ ಜಾಗ ಇರಲಿಲ್ಲ. ಕೂದಲು ಎಳೆದೆವು, ಪಾಠ ಹೇಳಲಿಲ್ಲ. ಅವಳು ತಲೆಯೆತ್ತದೆ ಒಂದೇ ಮಾತು ಕೇಳಿದಳು, ಪರೀಕ್ಷೆಯಲ್ಲಿ ನೀನು ಒಂದು ಸಲ ಹಿಂದೆ ಯಾಕೆ ತಿರುಗಿದೆ ಎಂದು. ಪೆನ್ನಿನ ಮುಚ್ಚಳ ಬಿದ್ದಿತ್ತು ಎಂದೆ. ಅವಳು ನಂಬದವಳಂತೆ ಕಟ್ಟನ್ನು ಜೋರಾಗಿ ಎಳೆದಳು. ಆಗ ನನಗೆ ಹೊಳೆಯಿತು, ನಾನು ಇವಳ ಮೇಲೆ ಹೊರಿಸುತ್ತಿರುವುದನ್ನೇ ಇವಳು ನನ್ನ ಮೇಲೆ ಹೊರಿಸುತ್ತಿದ್ದಾಳೆ. ತಾನು ಮಾಡಿ ನನ್ನ ತಲೆಗೆ ಕಟ್ಟುವ ಹುನ್ನಾರ ಇದು ಎಂದುಕೊಂಡೆ. ಚಿಗವ್ವ ಬೇರೆ ಉಪ್ಪು ಖಾರ ಹಚ್ಚಿದಳು. ಮಾತಾಡದ ಹುಡುಗಿಯರ ಹೊಟ್ಟೆಯಲ್ಲಿ ಏನಿದೆ ಎಂದು ಹೇಳಲಾಗುವುದಿಲ್ಲವಂತೆ.

ಆ ದಿನಗಳಲ್ಲಿ ಒಣ ಗಾಳಿ ಬೀಸುತ್ತಿತ್ತು. ಮಾಳಿಗೆಯ ಮೇಲೆ ಹರವಿದ ಕೂದಲು ಹಾರಿ ಬಂದು ಅನ್ನದಲ್ಲಿ, ನೀರಿನಲ್ಲಿ, ಪುಸ್ತಕದ ಹಾಳೆಗಳ ನಡುವೆ ಸಿಗುತ್ತಿತ್ತು. ನಾನು ನೀಲವ್ವನ ಒಂದೊಂದು ನಡೆಯನ್ನೂ ನೋಡತೊಡಗಿದೆ. ಯಾವ ದಾರಿಯಿಂದ ಕಾಲೇಜಿಗೆ ಹೋಗುತ್ತಾಳೆ, ಯಾರ ಜೊತೆ ನಿಲ್ಲುತ್ತಾಳೆ, ನನ್ನನ್ನು ಕಂಡ ಕೂಡಲೇ ಯಾಕೆ ಮಾತು ನಿಲ್ಲಿಸಿದಳು. ಸಂಜೆ ಅವಳು ಸೆರಗು ಝಾಡಿಸುವಾಗ, ಅದುವರೆಗೆ ಒಮ್ಮೆಯೂ ನೋಡದಿದ್ದವಳು, ನಿಂತು ನೋಡಿದೆ. ಅವಳೂ ನಾನು ಝಾಡಿಸುವವರೆಗೆ ಹೊಸ್ತಿಲಲ್ಲೇ ನಿಂತಳು.

ಒಂದು ಮಧ್ಯಾಹ್ನ ನಾನು ಸರ್ ಕೋಣೆಯ ಕಡೆ ಹೋಗಿದ್ದೆ. ಯಾಕೆ ಹೋಗಿದ್ದೆ ಎಂದು ಕೇಳಬೇಡಿ. ಬಾಗಿಲ ಹೊರಗೆ ನೀಲವ್ವನ ಚಪ್ಪಲಿ ಇದ್ದವು, ಬಾರು ಹರಿದು ಪಿನ್ನು ಹಾಕಿದವು. ಹೇಳುತ್ತಿದ್ದಾಳೆ, ನನ್ನ ಹೆಸರು ಹೇಳುತ್ತಿದ್ದಾಳೆ ಎಂದು ಅಲ್ಲಿಂದಲೇ ತಿರುಗಿದೆ. ಅವತ್ತು ರಾತ್ರಿಯೆಲ್ಲ ಅಪ್ಪ ಕೆಂಪು ಬಸ್ಸಿನಿಂದ ಇಳಿದು, ಒಂದು ಮಾತೂ ಆಡದೆ ನನ್ನ ಟ್ರಂಕು ಎತ್ತಿಕೊಳ್ಳುವುದು ಕಣ್ಣಿಗೆ ಕಟ್ಟುತ್ತಿತ್ತು. ಅವಮಾನಕ್ಕಿಂತ ಹೆಚ್ಚಾಗಿ ನನಗೆ ಭಯವಾಗಿತ್ತು. ಆ ಟ್ರಂಕು ಒಮ್ಮೆ ಊರು ಸೇರಿದರೆ ಮತ್ತೆ ಹೊರಡುವುದಿಲ್ಲ ಎಂದು ಗೊತ್ತಿತ್ತು.

ಮರುದಿನ ಎರಡನೆಯ ಪಿರಿಯಡ್ಡಿನ ನಡುವೆ ಜವಾನ ಬಂದು ನಮ್ಮಿಬ್ಬರನ್ನೂ ಎಬ್ಬಿಸಿದ. ನನ್ನನ್ನು ಪ್ರಯೋಗಾಲಯದಲ್ಲಿ ಕೂರಿಸಿ, ಅವಳನ್ನು ಗ್ರಂಥಾಲಯಕ್ಕೆ ಕರೆದೊಯ್ದ. ನಡುವೆ ಒಂದು ಗೋಡೆಯಲ್ಲ, ಇಡೀ ಅಂಗಳವಿತ್ತು. ಸರ್ ಒಂದು ಬಿಳಿ ಹಾಳೆ ಕೊಟ್ಟು, ಅದೇ ಆರು ಆಮ್ಲಗಳ ಸರಪಳಿಯನ್ನು ಮತ್ತೆ ಬರೆ ಎಂದರು. ಇನ್ನೇನನ್ನೂ ಹೇಳಲಿಲ್ಲ.

ನಾನು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಇದು ಬಲೆ. ಹೋದ ಸಲ ಒಂದೇ ನಮೂನೆ ಬಂದದ್ದೇ ಅಪರಾಧವಾಯಿತು. ನೀಲವ್ವ ಹಟಮಾರಿ, ಹಳೆಯದನ್ನೇ ಬರೆಯುತ್ತಾಳೆ, ಅದು ತನ್ನದೇ ಎಂದು ಸರ್ ಎದುರು ಸಾಧಿಸಿಯೂ ಬಂದಿದ್ದಾಳೆ. ನಾನೂ ಅದನ್ನೇ ಬರೆದರೆ, ಅವಳದನ್ನು ಕದ್ದು ಉರುಹೊಡೆದವಳು ನಾನೇ ಎಂದಾಗುತ್ತದೆ. ಬೇರೆ ಬರೆದರೆ ಇವಳಿಗೆ ಇನ್ನೊಂದು ದಾರಿಯೂ ಗೊತ್ತು, ಇವಳು ತಿಳಿದು ಬರೆಯುವವಳು ಎಂದಾಗುತ್ತದೆ. ಬೇರೆ ಬರೆಯಲು ಕಷ್ಟವೇನಿತ್ತು? ಐದು ಪದಗಳಲ್ಲೂ ಮೂರನೆಯ ಅಕ್ಷರವನ್ನು ಅದರ ಜೋಡಿಗೆ ತಿರುಗಿಸಿದೆ. ಸಿ-ಯು-ಜಿ ಇದ್ದದ್ದು ಸಿ-ಯು-ಎ ಆಯಿತು. ಎ-ಜಿ-ಸಿ ಇದ್ದದ್ದು ಎ-ಜಿ-ಯು ಆಯಿತು. ಕೊನೆಯವರೆಗೂ ಹಾಗೆ. ಎಲ್ಲವೂ ಸರಿ, ಒಂದೂ ಹಳೆಯದಲ್ಲ. ಹಾಳೆ ಕೊಡುವಾಗ ನನಗೆ ನನ್ನ ಬುದ್ಧಿಯ ಬಗ್ಗೆ ಹೆಮ್ಮೆ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ಸರ್ ತಮ್ಮ ಕೋಣೆಯಲ್ಲಿ ನಾಲ್ಕೂ ಹಾಳೆಗಳನ್ನು ಸಾಲಾಗಿ ಇಟ್ಟುಕೊಂಡು ಒಂದೊಂದೇ ಪದಕ್ಕೆ ಬೆರಳಿಟ್ಟು ತಾಳೆ ನೋಡಿದರು. ನಾವಿಬ್ಬರೂ ಮೇಜಿನ ಎರಡು ಮೂಲೆಗಳಲ್ಲಿ ನಿಂತಿದ್ದೆವು. ಆಮೇಲೆ ಅವರು ಹಾಳೆಗಳನ್ನು ನಮ್ಮ ಕಡೆ ತಿರುಗಿಸಿದರು. ನೀಲವ್ವನ ಹೊಸ ಹಾಳೆಯಲ್ಲಿ ಸಿ-ಯು-ಎ ಎಂದಿತ್ತು. ಅದರ ಮುಂದೆ ಎ-ಜಿ-ಯು. ನಾನು ಕೊನೆಯವರೆಗೂ ಓದಿದೆ. ಐದಕ್ಕೆ ಐದೂ ತಿರುಗಿದ್ದವು. ಅವಳದೂ ನನ್ನದೂ ಮತ್ತೆ ಒಂದೇ.

"ಕಾಪಿ ಅಲ್ಲ ಇದು," ಎಂದರು ಸರ್. "ಮಾತಾಡ್ಕೊಂಡು ಬರದಿದ್ರ ಬ್ಯಾರೆ ಬ್ಯಾರೆ ಬರೀತಿದ್ರಿ. ಸಿಕ್ಕೊಳ್ಳಾಕ ಯಾರೂ ಒಳಸಂಚು ಮಾಡೂದಿಲ್ಲ. ನಿಮ್ಮಿಬ್ರಿಗೂ ಬಾಯಿ ಒಂದ ದಾರಿಗೆ ಬಿದ್ದೈತಿ, ಅಷ್ಟ."

ಪ್ರಯೋಗದ ದಾಖಲೆಗಳನ್ನು ತರಿಸಿ ಅಲ್ಲಿಯೇ ಸಹಿ ಹಾಕಿದರು. ಆಗ ನನಗೆ ಅರ್ಥವಾಯಿತು. ಜೋಡಿಯಲ್ಲಿ ಯಾವುದು ಮೊದಲು ಎಂಬುದಕ್ಕೆ ನಿಯಮ ಇಲ್ಲ ಎಂದು ನಾವು ತಿಳಿದಿದ್ದೆವು, ಅಷ್ಟೇ. ಅಷ್ಟು ಸಂಜೆಗಳ ಎಳೆತದಲ್ಲಿ ಒಂದೊಂದು ಜೋಡಿಯಲ್ಲೂ ಒಂದು ಪದ ಜೋರಿನ ಎಳೆತಕ್ಕೆ, ಒಂದು ಹಗುರದ್ದಕ್ಕೆ ತಾನಾಗಿ ಕೂತುಬಿಟ್ಟಿತ್ತು, ಪರೀಕ್ಷೆಯಲ್ಲಿ ಇಬ್ಬರಿಗೂ ಬಂದದ್ದು ಆ ಜೋರಿನ ಪದಗಳೇ. ನಾನು ಆರಿಸಿದೆ ಎಂದುಕೊಂಡದ್ದನ್ನು ನನ್ನ ಕೈ ಎಂದೋ ಆರಿಸಿ ಮುಗಿಸಿತ್ತು, ಅವಳ ಕೈಯೂ ಹಾಗೆಯೇ. ಹಾಲ್ ಟಿಕೆಟ್ ಉಳಿಯಿತು, ಟ್ರಂಕು ಉಳಿಯಿತು ಎಂದು ಒಳಗೊಳಗೇ ಕುಣಿಯಬೇಕು ಅನ್ನಿಸಿತು. ಅಷ್ಟರಲ್ಲಿ ಸರ್ ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದರು.

"ಒಂದು ಮಾತು ಹೇಳ್ರಿ. ಹ್ವಾದ ಸಲ ಬರದದ್ದೂ ಸರಿ ಇತ್ತು. ಇಬ್ರೂ ಯಾಕ ಬದಲ್ ಮಾಡಿದ್ರಿ?"

ನಾನು ಅವಳ ಹಾಳೆ ನೋಡಿದೆ. ಅವಳು ನನ್ನ ಹಾಳೆ ನೋಡಿದಳು. ಅಂಗಳದ ಆಚೆ ಕೂತು ಅವಳು ಹಾಕಿದ ಲೆಕ್ಕ ನನ್ನ ಕಣ್ಣೆದುರು ಇತ್ತು, ಅಕ್ಷರಕ್ಕೆ ಅಕ್ಷರ. ಗೌರಾ ಹಳೆಯದನ್ನೇ ಬರೆಯುತ್ತಾಳೆ, ಸಿಕ್ಕಿಬೀಳುವುದಾದರೆ ಅವಳು ಸಿಕ್ಕಿಬೀಳಲಿ. ನನ್ನ ಲೆಕ್ಕವನ್ನೂ ಅವಳು ಅಷ್ಟೇ ಸಲೀಸಾಗಿ ಓದಿಕೊಂಡಿರಬೇಕು. ನಮ್ಮಿಬ್ಬರನ್ನೂ ಬಿಡಿಸಿದ ಹಾಳೆ ಅದೇ, ನಾವಿಬ್ಬರೂ ಎಂಥವರೆಂದು ಹೇಳಿಬಿಟ್ಟ ಹಾಳೆಯೂ ಅದೇ. ಸರ್ ಹೆಚ್ಚು ಕೆದಕದೆ ಹೋಗಿರಿ ಎಂದರು.

ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮನೆಗೆ ಹೋಗುವ ದಾರಿಯ ರೈಲ್ವೆ ಗೇಟು ಹಾಕಿದ್ದರು. ಗೂಡ್ಸ್ ಗಾಡಿ ಹೋಗುವುದನ್ನೇ ಕಾಯುತ್ತ ಸೈಕಲ್ಲುಗಳ ನಡುವೆ ನಿಂತೆವು. ಕೊನೆಯ ಡಬ್ಬಿ ದಾಟುವಾಗ ನೀಲವ್ವ ಹಳಿಯ ಕಡೆ ನೋಡುತ್ತ ಕೇಳಿದಳು.

"ಸರ್ ಮುಂದ ನನ್ನ ಹೆಸರ ಹೇಳಿದ್ದೇನು?"

"ಇಲ್ಲ. ನೀನು?"

"ಇಲ್ಲ."

ಇಬ್ಬರೂ ನಿಜವನ್ನೇ ಹೇಳಿದ್ದೆವೋ ಏನೋ. ಇಬ್ಬರೂ ನಂಬಲಿಲ್ಲ. ಆ ಚಪ್ಪಲಿಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಕೇಳಲಿಲ್ಲ. ಕೇಳಿದ್ದರೆ ನಾನು ಅಲ್ಲಿಗೆ ಯಾಕೆ ಬಂದಿದ್ದೆ ಎಂದು ಅವಳು ಕೇಳುತ್ತಿದ್ದಳು.

ಜಗಳವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ, ಜಗಳವಾದರೆ ಒಂದು ದಿನ ಮುಗಿಯುತ್ತದೆ. ಕೆಲಸದ ಹೊತ್ತಿಗೆ ಎದುರುಬದುರು ಕೂತೆವು, ಒಬ್ಬರ ಕೈಗೆ ಒಬ್ಬರು ಕೂದಲು ಕೊಟ್ಟೆವು. ಓದು ಮಾತ್ರ ಬೇರೆಯಾಯಿತು. ನಾನು ಮಾಳಿಗೆಯ ಮೇಲೆ ಒಬ್ಬಳೇ ಕೂತು ಇಡೀ ಕೋಷ್ಟಕವನ್ನು ಹೊಸದಾಗಿ ಕಲಿತೆ, ಆ ಜೋಡಿಗಳಲ್ಲಿ ಇಲ್ಲದ ಪದಗಳನ್ನೇ ಹುಡುಕಿ ಹುಡುಕಿ. ಹಳೆಯವು ಬಾಯಿಗೆ ಬಂದರೆ ನುಂಗಿಕೊಂಡು ಮತ್ತೆ ಮೊದಲಿಂದ ಹೇಳುತ್ತಿದ್ದೆ. ಎಳೆತದ ಸದ್ದು ಕೇಳಿಸಿದರೂ ಸಾಕು, ಅವೇ ಬರುತ್ತಿದ್ದವು. ಅದಕ್ಕೆ ಹೆಂಗಸರು ಎದ್ದು ಹೋದ ಮೇಲೆ ಓದುವುದನ್ನು ರೂಢಿ ಮಾಡಿಕೊಂಡೆ.

ವಾರ್ಷಿಕ ಪರೀಕ್ಷೆಯಲ್ಲಿ ಅಂಥದೇ ಒಂದು ಪ್ರಶ್ನೆ ಬಂತು. ಬರೆದು ಹೊರಗೆ ಬಂದಾಗ ಬೇವಿನ ಮರದ ಕೆಳಗೆ ತರಗತಿಯವರೆಲ್ಲ ಉತ್ತರ ತಾಳೆ ನೋಡುತ್ತಿದ್ದರು. ಯಾರೋ ನಮ್ಮಿಬ್ಬರನ್ನೂ ಹಿಡಿದು ನಿಲ್ಲಿಸಿ, ನಿಮ್ಮದು ಹೇಗೂ ಒಂದೇ ಇರುತ್ತದೆ, ಒಬ್ಬರು ಹೇಳಿದರೆ ಸಾಕು ಎಂದರು. ನಾನು ನನ್ನದನ್ನು ಹೇಳಿದೆ. ನೀಲವ್ವ ತನ್ನದನ್ನು ಹೇಳಿದಳು. ಬೇರೆಯಾಗಲು ಸಾಧ್ಯವಿದ್ದ ಒಂದು ಕಡೆಯಲ್ಲೂ ಪದ ಕೂಡಿರಲಿಲ್ಲ, ನಮ್ಮ ಹಳೆಯ ಜೋಡಿಗಳು ಎರಡರಲ್ಲೂ ಇರಲಿಲ್ಲ. ಎರಡೂ ಸರಿ ಅದಾವ ಎಂದು ಅವಳು ಮೆಲ್ಲಗೆ ಅಂದಳು. ಹೌದು ಎಂದೆ. ಅವಳು ಕುಷ್ಟಗಿ ಬಸ್ಸು ಹತ್ತಿದಳು, ನಾನು ಯಲಬುರ್ಗಾ ಬಸ್ಸು ಹತ್ತಿದೆ. ಅಷ್ಟು ಬೇರೆಯಾಗಿ ಬರೆಯಲು ಅವಳು ಎಷ್ಟು ಸಂಜೆ ಒಬ್ಬಳೇ ಕೂತು ಕಷ್ಟಪಟ್ಟಿರಬೇಕು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.